ರಾಯಭಾರಿ ತಾತನ ಸಕ್ಕರೆ

ಎಷ್ಟು ತಿಕ್ಕಿದರೂ ಹೋಗದ ಇಂಗಿನ ವಾಸನೆಯೊಂದು ನನ್ನ ಅಡುಗೆಮನೆಯ ಹಳೇ ಸ್ಟೀಲ್ ಡಬ್ಬಿಯ ಮುಚ್ಚಳಕ್ಕೆ ಅಂಟಿಕೊಂಡಿದೆ. ಮೂಸಿದರೆ ಸಾಕು, ಜೆ.ಪಿ. ನಗರದ ಈ ಏಳನೇ ಮಹಡಿ ಎಲ್ಲೋ ಕರಗಿಹೋಗಿ, ತ್ಯಾಗರಾಜನಗರದ ನಮ್ಮ ಮನೆಯ ಕೆಂಪು ನೆಲ ಅಂಗಾಲಿಗೆ ತಣ್ಣಗೆ ತಾಗುತ್ತದೆ. ಒಲೆಯ ಮೇಲೆ ಕೊತಕೊತ ಕುದಿಯುವ ಹುಳಿ, ಅದರ ಮುಂದೆ ಸೆರಗು ಸಿಕ್ಕಿಸಿ ನಿಂತ ನಮ್ಮಜ್ಜಿ. ಡಬ್ಬಿಯ ಮೇಲೆ ಅವಳ ಹೆಸರು ಕೊರೆದಿದೆ. ಅಂಗಡಿಯವನು ಸೊಟ್ಟಗೆ ಕೊರೆದನೆಂದು ಕೊನೆಯವರೆಗೂ ಅವನಿಗೆ ಶಾಪ ಹಾಕುತ್ತಿದ್ದಳು, ಪುಣ್ಯಾತ್ಗಿತ್ತಿ. ಆ ಡಬ್ಬಿ ಹುಳಿ ತುಂಬಿಕೊಂಡು ಹೋಗುತ್ತಿದ್ದುದು ಪಕ್ಕದ ಮನೆಯ ಪ್ರಸನ್ನ ತಾತನಿಗೆ.

ತಾತ ಒಂದು ಕಾಲಕ್ಕೆ ದೇಶದ ರಾಯಭಾರಿ. ನಿವೃತ್ತರಾದ ಮೇಲೆ ಬಾಡಿಗೆಗೆ ಬಂದು ಒಬ್ಬರೇ ಇದ್ದರು. ಹೆತ್ತವರು ಜ್ವರದಲ್ಲಿ ತೀರಿಕೊಂಡಾಗ ಅವರಿಗಿನ್ನೂ ಹಾಲುಹಲ್ಲು. ಊರಿನ ಮಿಷನರಿ ದಂಪತಿ ಜರ್ಮನಿಗೆ ಮರಳುವಾಗ ಮಗುವನ್ನೂ ಕರೆದೊಯ್ದರಂತೆ. ಪ್ರೀತಿಗೇನೂ ಕಮ್ಮಿ ಮಾಡಲಿಲ್ಲ. ಆದರೆ ಭಾನುವಾರ ಚರ್ಚಿನಲ್ಲಿ ಪಂಚೆ ಉಡಿಸಿ, ಸ್ಟೂಲಿನ ಮೇಲೆ ನಿಲ್ಲಿಸಿ ಕನ್ನಡದಲ್ಲಿ ಹಾಡಿಸುತ್ತಿದ್ದರು, ಜನ ಬೆರಗಾಗಿ ನೋಡುತ್ತಿದ್ದರು. ಹಾಗಾಗಿಯೇ ಅವರ ಕನ್ನಡ ಉಳಿದದ್ದು, ಅದೂ ಎಳೇ ಮಗುವಿನ ಕನ್ನಡ. ದೊಡ್ಡವರಾಗಿ ಇಲ್ಲಿಗೆ ಬಂದು ಓದಿ ವಿದೇಶಾಂಗ ಸೇವೆ ಸೇರಿದರು, ಮತ್ತೆ ದೇಶದಿಂದ ದೇಶಕ್ಕೆ ಅಲೆದರು. ಅಷ್ಟು ದೊಡ್ಡ ಬಿಳಿ ಮೀಸೆಯ ಮನುಷ್ಯ ನಮ್ಮ ಜಗಲಿಯಲ್ಲಿ ಕೂತು ‘ನಂಗೆ ಇನ್ನೂ ಬೇಕು’ ಎಂದು ತಟ್ಟೆ ಒಡ್ಡಿದರೆ ನಾನು ನಗು ತಡೆಯಲಾರದೆ ಒಳಗೆ ಓಡುತ್ತಿದ್ದೆ. ಒಂದು ಸಂಜೆ ಮಾತ್ರ ನಗು ಬರಲಿಲ್ಲ. ‘ಎಲ್ಲಾ ಕಡೆ ನಾನು ಹೊರಗಿನೋನೇ ಅಕ್ಕ. ಸಾಕಿದೋರ ಮನೇಲೂ. ನಮ್ಮೋನು ಅಂತ ಯಾರೂ ಅನ್ನಲಿಲ್ಲ’ ಎಂದು ಅಜ್ಜಿಗೆ ಹೇಳಿದರು. ಅಜ್ಜಿ ಇನ್ನೊಂದು ಸೌಟು ಹುಳಿ ಬಡಿಸಿದಳು.

ಮೊದಮೊದಲು ಅವರು ಮಾಡಿದ ಎಡವಟ್ಟು ನೆನೆದರೆ ಈಗಲೂ ನಗು ಬರುತ್ತದೆ. ರಾಜರ ಪಕ್ಕ ಯಾರು ಕೂರಬೇಕು, ಯಾವ ಚಮಚ ಯಾವಾಗ ಎತ್ತಬೇಕು, ಎಲ್ಲ ಬಲ್ಲವರು ಅಜ್ಜಿಯ ಡಬ್ಬಿಯನ್ನು ಫಳಫಳ ಬೆಳಗಿ, ಬಿಳಿ ಕರವಸ್ತ್ರದಲ್ಲಿ ಸುತ್ತಿ, ಖಾಲಿ ತಂದುಕೊಟ್ಟರು! ಅಜ್ಜಿಯ ಮುಖ ಹುಳ್ಳಗಾಯಿತು. ದಾಕ್ಷಿಣ್ಯದ ಹೆಂಗಸಲ್ಲ ಅವಳು. ‘ಖಾಲಿ ಕೊಟ್ರೆ ಋಣ ಮುಗೀತು ಅಂತ ಪ್ರಸನ್ನಪ್ಪ. ಏನೂ ಇಲ್ದಿದ್ರೆ ಒಂದು ಚಮಚ ಸಕ್ಕರೆನಾದ್ರೂ ಹಾಕ್ಬೇಕು’ ಎಂದಳು. ತಾತ ಡಬ್ಬಿ ವಾಪಸ್ ಒಯ್ದು ಸಕ್ಕರೆ ಹಾಕಿ ತಂದರು. ಆಮೇಲೆ ಒಮ್ಮೆಯೂ ತಪ್ಪಲಿಲ್ಲ. ಕೆಲವು ದಿನ ಅವರೇ ಬೇಯಿಸಿದ ಚಕ್ಕೆಪುಡಿಯ ಬಿಸ್ಕತ್ತು, ಕೆಲವು ದಿನ ಒಂದು ಮೊಳ ಮಲ್ಲಿಗೆ, ಇಲ್ಲವೆಂದರೆ ಸಕ್ಕರೆ. ಮುಚ್ಚಳ ತೆಗೆಯುವ ಹಕ್ಕು ಮಾತ್ರ ನನ್ನದು.

ಅವರು ಹೋದದ್ದು ಅವರೆಕಾಯಿ ಕಾಲದಲ್ಲಿ. ಹಿಂದಿನ ದಿನವಷ್ಟೇ ಹಿದುಕವರೆ ಹುಳಿ ಕಳಿಸಿದ್ದೆವು. ಬೆಳಿಗ್ಗೆ ಎದೆನೋವೆಂದಾಗ ಅಪ್ಪ ಆಸ್ಪತ್ರೆಗೆ ಕರೆದುಕೊಂಡು ಹೋದರು; ತಾತ ತಿರುಗಿ ಬರಲಿಲ್ಲ. ಮಣ್ಣು ಮಾಡುವಾಗ ಪಾದ್ರಿಗಳು, ಇವರ ಕಡೆಯವರು ಯಾರಿದ್ದೀರಿ ಎಂದು ಕೇಳಿದರಂತೆ. ಅಪ್ಪನೂ ಬೀದಿಯ ಗಂಡಸರೂ ಮುಖ ಮುಖ ನೋಡಿಕೊಂಡರಂತೆ. ಅಪ್ಪ ಬಂದು ಅದನ್ನು ಅಜ್ಜಿಗೆ ಹೇಳಿದರು. ಮಾರನೆಯ ದಿನ ಮನೆ ಓನರ್ ಬೀಗ ತೆಗೆದಾಗ ಅವಳು ನನ್ನನ್ನು ಕರೆದುಕೊಂಡು ಡಬ್ಬಿ ತರಲು ಹೋದಳು. ಅಡುಗೆ ಕಟ್ಟೆಯ ಮೇಲೆ ಅದು ಬಿಳಿ ಕರವಸ್ತ್ರ ಸುತ್ತಿಕೊಂಡು ಕಾದಿತ್ತು. ನಾನು ಮುಚ್ಚಳ ತೆಗೆದೆ. ಕಂಠಮಟ್ಟ ಸಕ್ಕರೆ.

ಅಜ್ಜಿ ಅಲ್ಲೇ ನೆಲಕ್ಕೆ ಕುಸಿದು ಅತ್ತಳು. ಮನೆಗೆ ಬಂದವಳೇ ತಲೆಗೆ ನೀರು ಹೊಯ್ದುಕೊಂಡು, ದೇವರ ಮನೆಯ ಬಾಗಿಲೆಳೆದಳು. ಅಪ್ಪ ಗಾಬರಿಯಾಗಿ ಏನಾಯಿತಮ್ಮ ಎಂದರೆ, ಸೂತಕ ಎಂದಳು.

‘ಯಾರ್ದು?’

‘ನನ್ನ ತಮ್ಮಂದು.’

ತಮ್ಮನಿಗೆಂದು ಅಕ್ಕ ಹಿಡಿಯಬೇಕಾದ ಮೂರು ದಿನವೂ ಅವಳು ದೀಪ ಹಚ್ಚಲಿಲ್ಲ. ಈಗ ಅವಳೂ ಇಲ್ಲ, ಆ ಎರಡು ಮನೆಗಳೂ ಇಲ್ಲ. ಡಬ್ಬಿಯನ್ನು ಮಾತ್ರ ನಾನು ಖಾಲಿ ಇಡುವುದಿಲ್ಲ.