ಇಲ್ಲದ ದೀಪಸ್ತಂಭಕ್ಕೆ ಅರ್ಧ ಬೆಲೆ

ಅಲೆಕ್ಸಾಂಡ್ರಿಯಾದ ಗೈಡ್ ಕೇಳಿದ್ದು ಮೂರು ಸಾವಿರ ಯೆನ್. ನಾನು ಒಪ್ಪಿಸಿದ್ದು ಒಂದೂವರೆ ಸಾವಿರಕ್ಕೆ. ಕಾರಣ ಸರಳ. ಅವನ ಊರಿನ ಮೂರು ದೊಡ್ಡ ಹೆಸರುಗಳಲ್ಲಿ ಒಂದೂ ಈಗ ಅಲ್ಲಿ ಇಲ್ಲ. ದೀಪಸ್ತಂಭ ಭೂಕಂಪಗಳಿಗೆ ಸಿಕ್ಕಿ ಬಿದ್ದುಹೋಗಿದೆ, ಹಳೆಯ ಗ್ರಂಥಾಲಯ ನಾಶವಾಗಿದೆ, ಊರು ಕಟ್ಟಿಸಿದ ಅಲೆಕ್ಸಾಂಡರನ ಗೋರಿ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಇಲ್ಲದ ಮಾಲಿಗೆ ಪೂರ್ತಿ ದುಡ್ಡು ಕೊಡುವವಳು ನಾನಲ್ಲ.

ಇಂಥ ವಿಚಿತ್ರ ಅನುಭವಗಳ ಬರಹ ಕಣ್ಣಿಗೆ ಬಿದ್ದರೆ ಎರಡನೇ ಪ್ಯಾರಾದಲ್ಲೇ ಪುಟ ತಿರುಗಿಸುವ ಅಭ್ಯಾಸ ನನ್ನದು. ನೀವೂ ತಿರುಗಿಸಿದರೆ ನನಗೆ ಬೇಸರವಿಲ್ಲ. ದೆವ್ವ, ಶಕುನ, ಕನಸಿನಲ್ಲಿ ಬಂದವರು ಇವೆಲ್ಲ ಕೈಯಲ್ಲಿ ಕೆಲಸವಿಲ್ಲದವರ ಸರಕು ಎಂದುಕೊಂಡಿದ್ದೆ. ಈಗ ಏನೆಂದುಕೊಂಡಿದ್ದೇನೆ ಎಂದು ಕೇಳಬೇಡಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನನ್ನ ಗಂಡ ಜಪಾನಿನ ಕಾಶಿವಾ ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ ಸಂಶೋಧಕರು. ನಾವು ಇಲ್ಲಿಗೆ ಬಂದ ಹೊಸದರಲ್ಲಿ ಒಳ್ಳೆಯ ತೊಗರಿಬೇಳೆ ಬೇಕೆಂದರೆ ಎರಡು ರೈಲು ಬದಲಿಸಿ ಹೋಗಬೇಕಿತ್ತು. ನಾನು ಸಗಟು ವ್ಯಾಪಾರಿಯೊಬ್ಬನನ್ನು ಹಿಡಿದು ಒಂದು ಮೂಟೆ ತರಿಸಿ, ಅಡುಗೆಮನೆಯಲ್ಲೇ ತೂಗಿ ಪೊಟ್ಟಣ ಕಟ್ಟಿ ಮಾರಿದೆ. ಆಮೇಲೆ ಸಾಂಬಾರ್ ಪುಡಿ, ಇಡ್ಲಿ ಅಕ್ಕಿ, ಹುಣಸೆಹಣ್ಣು. ಕೊರೋನಾ ಬರುವ ಹೊತ್ತಿಗೆ ಈ ಕಡೆಯ ಕನ್ನಡದ ಮನೆಗಳಿಗೆಲ್ಲ ನನ್ನದೇ ಪಾರ್ಸೆಲ್. ಜಪಾನಿನಲ್ಲಿ ಚೌಕಾಸಿ ನಡೆಯುವುದಿಲ್ಲ ಎನ್ನುತ್ತಾರೆ. ಯಾರೂ ಕೇಳುವುದಿಲ್ಲ, ಅಷ್ಟೇ.

ಚೌಕಾಸಿಯನ್ನು ನಾನು ಕಲಿತದ್ದು ಚಿಕ್ಕಪೇಟೆಯಲ್ಲಿ, ಅಮ್ಮನ ಪಕ್ಕ ಕುಳಿತು. ಇಷ್ಟವಾದ ಸೀರೆಯನ್ನು ಆಚೆ ತಳ್ಳಿ, ಬೇಡದ ಸೀರೆಯ ಸೆರಗು ಬಿಡಿಸಿ ನೋಡಬೇಕು. ಮನಸ್ಸಿಗೆ ಹಿಡಿಸಿದ್ದು ಮುಖದಲ್ಲಿ ಕಾಣಿಸಿತೋ, ಬೆಲೆ ಅಲ್ಲೇ ನಿಂತಿತು. ಈ ಮುಖ ನನಗೆ ಎಷ್ಟು ಅಭ್ಯಾಸವಾಗಿದೆ ಎಂದರೆ ಮಗಳು ಬಿಡಿಸಿದ ಚಿತ್ರ ನೋಡುವಾಗಲೂ ಅದೇ ಬರುತ್ತದೆ ಎಂದು ಮನೆಯಲ್ಲಿ ಹಾಸ್ಯ ಮಾಡುತ್ತಾರೆ.

ನಮ್ಮ ಕಟ್ಟಡದ ಕೆಳಮನೆಯಲ್ಲಿ ಕುರೋದಾ ಸಾನ್ ಇದ್ದರು; ಸಾನ್ ಎಂದರೆ ನಮ್ಮ ‘ಅವರು’ ಇದ್ದ ಹಾಗೆ. ಎಂಬತ್ತು ದಾಟಿದ ಒಂಟಿ ಮನುಷ್ಯ. ಪ್ರಾಯದಲ್ಲಿ ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದವರು. ರದ್ದಿ ರಟ್ಟು ಹಾಕುವ ದಿನ ನನ್ನ ಖಾಲಿ ಪೆಟ್ಟಿಗೆಗಳ ಕಟ್ಟು ಬಿಚ್ಚಿಹೋಗುವುದನ್ನು ನೋಡಲಾರದೆ ಹಡಗಿನವರ ಗಂಟು ಹಾಕುವುದನ್ನು ಕಲಿಸಿಕೊಟ್ಟರು. ನನ್ನನ್ನು ಅವರು ಕರೆಯುತ್ತಿದ್ದದ್ದು ‘ಓಕುಸಾನ್’ ಎಂದು, ಅಂದರೆ ಮನೆಯ ಯಜಮಾನಿ. ನಾನು ಕೊಡುತ್ತಿದ್ದ ಚಟ್ನಿಪುಡಿಯನ್ನು ಅವರು ಅನ್ನದ ಮೇಲೆ ಉದುರಿಸಿಕೊಂಡು, ಕಣ್ಣಲ್ಲಿ ನೀರು ಬಂದರೂ ಬಿಡದೆ ತಿನ್ನುತ್ತಿದ್ದರು.

ಕೊರೋನಾದ ಎರಡನೇ ಬೇಸಿಗೆಯಲ್ಲಿ ಒಂದು ದಿನ ಅವರು ಮಾಸ್ಕ್ ಹಾಕಿಕೊಂಡು ಬಾಗಿಲಿಗೆ ಬಂದರು. ಗಡಿ ಮುಚ್ಚಿದ್ದರಿಂದ ಹೊರದೇಶದ ಗೈಡುಗಳು ವಿಡಿಯೊ ಕಾಲಿನಲ್ಲೇ ಜನರಿಗೆ ತಮ್ಮ ಊರು ಸುತ್ತಿಸುತ್ತಿದ್ದ ಸುದ್ದಿಯನ್ನು ಟಿವಿಯಲ್ಲಿ ನೋಡಿದ್ದರು.

“ಓಕುಸಾನ್, ನಿಮಗೆ ಇಂಗ್ಲಿಷ್ ಬರುತ್ತದೆ. ನನಗೆ ಅಲೆಕ್ಸಾಂಡ್ರಿಯಾ ನೋಡಬೇಕು. ಓಬೊನ್ ಮುಗಿಯುವುದರೊಳಗೆ. ಬೆಳಗಾಗುವ ಮುಂಚೆ, ಕತ್ತಲಿರುವಾಗಲೇ.”

ಸತ್ತವರು ಮನೆಗೆ ಬರುವರೆಂದು ಇವರು ನಂಬುವ ದಿನಗಳು ಓಬೊನ್. ನಮ್ಮ ಪಿತೃಪಕ್ಷವಿದ್ದ ಹಾಗೆ. ಕುರೋದಾ ಸಾನ್ ನೆನೆಯುತ್ತಿದ್ದದ್ದು ತಮ್ಮ ಹಳೆಯ ಗೆಳೆಯ ಓನೋನನ್ನು. ತೀರಿಕೊಂಡ ಮೇಲೆ ಬಂದ ಮೊದಲ ಓಬೊನ್ ಅದು. ಸೋಂಕಿನ ಭಯದಲ್ಲಿ ಅಂತ್ಯಕ್ರಿಯೆಗೆ ಯಾರನ್ನೂ ಕರೆದಿರಲಿಲ್ಲ.

ಕಥೆ ಇಷ್ಟು. ಇಬ್ಬರೂ ಒಂದೇ ಹಡಗಿನಲ್ಲಿದ್ದ ಕಾಲದಲ್ಲಿ, ಅಲೆಕ್ಸಾಂಡ್ರಿಯಾ ಬಂದರಿನ ಹೊರಗೆ ಲಂಗರು ಹಾಕಿದ್ದಾಗ, ನಸುಕಿನಲ್ಲಿ ಕಾವಲಿದ್ದ ಓನೋ ಒಂದು ಬೆಳಕು ಕಂಡೆ ಎಂದ. ಎತ್ತರದಲ್ಲಿ, ಬೆಂಕಿಯ ಹಾಗೆ. ಅಧಿಕಾರಿ ಬಂದು ನೋಡಿದರೆ ಏನೂ ಇಲ್ಲ. ಪಕ್ಕದಲ್ಲಿ ಕುರೋದಾ ಸಾನ್ ಇದ್ದರು, ಗೆಳೆಯನಿಗೆ ಚಹಾ ಬಗ್ಗಿಸುತ್ತ. ನಿನಗೆ ಕಂಡಿತೇ ಎಂದು ಕೇಳಿದಾಗ, ಇಲ್ಲ ಎಂದರು. ಅವರು ನೋಡುತ್ತಿದ್ದದ್ದು ಲೋಟವನ್ನು. ಅದಾದ ಮೇಲೆ ಓನೋನನ್ನು ಕಾವಲಿಗೆ ಹಾಕಲಿಲ್ಲ. ಹಡಗಿನವರೆಲ್ಲ ‘ದೀಪದ ಮಾಸ್ತರ’ ಎಂದು ಅಣಕಿಸಿದರು. ಅವನು ಸಮುದ್ರವನ್ನೇ ಬಿಟ್ಟ. ವರ್ಷ ವರ್ಷ ಹೊಸವರ್ಷದ ಕಾರ್ಡ್ ಬರುತ್ತಿತ್ತು. ಆ ಬೆಳಕಿನ ಮಾತು ಮಾತ್ರ ಒಮ್ಮೆಯೂ ಬರಲಿಲ್ಲ.

“ಅಲ್ಲಿಗೆ ಹೋಗಿ ಒಮ್ಮೆ ತಲೆಬಾಗಿ ಬರಬೇಕು, ಅಷ್ಟೇ,” ಎಂದರು.

ನಾನು ಹುಡುಕಿದ ಗೈಡಿನ ಹೆಸರು ಸಮೀರ್. ಪ್ರವಾಸಿಗಳಿಲ್ಲದೆ ಹಗಲು ಅಂಗಡಿಗಳಿಗೆ ಸಾಮಾನು ಸಾಗಿಸುತ್ತಿದ್ದ ಹುಡುಗ. ಬೇಗ ಒಪ್ಪುತ್ತಾನೆಂದು ದನಿಯಲ್ಲೇ ತಿಳಿಯಿತು. ಇಲ್ಲಿ ಬೆಳಗಿನ ಹನ್ನೊಂದಾದರೆ ಅಲ್ಲಿ ನಸುಕಿನ ನಾಲ್ಕು.

“ಕತ್ತಲಲ್ಲಿ ತೋರಿಸ್ತೀರಿ, ಅದೂ ಇಲ್ಲದೇ ಇರೋದನ್ನ. ಅದಕ್ಕೆ ಮೂರು ಸಾವಿರಾನಾ?” ಎಂದೆ.

“ಮೇಡಂ, ನಮ್ಮೂರಲ್ಲಿ ಇಲ್ಲದೇ ಇರೋದೇ ಫೇಮಸ್ಸು,” ಎಂದು ನಕ್ಕ. ಹತ್ತು ನಿಮಿಷ ಜಗ್ಗಾಡಿದ ಮೇಲೆ ಅವನೇ ಹೇಳಿದ: “ಆಯ್ತು ಮೇಡಂ, ಅರ್ಧ ಕೊಡಿ. ಲೈಟ್‌ಹೌಸ್ ಜಾಗ ಫ್ರೀ. ಅಲ್ಲಿ ಲೈಟ್ ಕಂಡ್ರೆ ಮಾತ್ರ ಪೂರ್ತಿ ಕೊಡ್ಬೇಕು.”

“ಡನ್,” ಎಂದೆ. ರೆಕಾರ್ಡಿಂಗ್‌ಗೆ ಬೇರೆ ದುಡ್ಡು ಎಂದ. ಬೇಡ ಎಂದೆ.

ಕುರೋದಾ ಸಾನ್ ಲಕೋಟೆಯಲ್ಲಿ ಮೂರು ಸಾವಿರ ಇಟ್ಟುಕೊಟ್ಟಿದ್ದರು. ಉಳಿದದ್ದನ್ನು ಹೆಮ್ಮೆಯಿಂದ ವಾಪಸು ಕೊಟ್ಟಾಗ ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, “ಆ ಹುಡುಗನಿಗೆ ತೊಂದರೆಯಾಗಲಿಲ್ಲವೇ?” ಎಂದರು. ವ್ಯಾಪಾರ ಗೊತ್ತಿಲ್ಲದವರು ಎಂದುಕೊಂಡೆ.

ಹಾಗಾಗಿ ನನ್ನ ವಿಚಿತ್ರ ರಾತ್ರಿ ನಡೆದದ್ದು ಬೆಳಗಿನ ಹನ್ನೊಂದಕ್ಕೆ. ಹೊರಗೆ ಆಗಸ್ಟ್ ಬಿಸಿಲು, ಮರದ ತುಂಬ ಜೀರುಂಡೆಗಳ ಕಿರುಚಾಟ. ಪರದೆ ಚೆನ್ನಾಗಿ ಕಾಣಲೆಂದು ಕುರೋದಾ ಸಾನ್ ಕಿಟಕಿಯ ಮರೆ ಇಳಿಸಿ ಕೋಣೆಯನ್ನು ಮಬ್ಬು ಮಾಡಿದ್ದರು. ಗಿಡ್ಡ ಮೇಜಿನ ಮೇಲೆ ಟ್ಯಾಬ್ಲೆಟ್ ಒರಗಿಸಿ ಅದರ ಎದುರು ನಾನು ಕುಳಿತೆ. ಅವರು ಮಾಸ್ಕ್ ಹಾಕಿಕೊಂಡು ಒಂದಿಷ್ಟು ದೂರದಲ್ಲಿ ಕುಳಿತರು. ನನ್ನ ಬೆನ್ನ ಹಿಂದೆ ಅವರ ಮನೆಯ ಪೂಜಾಪೀಠ, ಓನೋನ ಫೋಟೊ, ಒಂದು ಮೇಣದಬತ್ತಿ. ಎಡಗೋಡೆಯ ಹತ್ತಿರ ಪೂಜೆಯ ಪುಟ್ಟ ಗಂಟೆ.

ಸಮೀರ್ ಮೋಸ ಮಾಡಲಿಲ್ಲ, ಅದನ್ನು ಹೇಳಲೇಬೇಕು. ಸಮುದ್ರದ ದಂಡೆಯಲ್ಲಿ ಓರೆಯಾಗಿ ಬಿಸಿಲಿಗಿಟ್ಟ ತಟ್ಟೆಯಂತಿದ್ದ ಹೊಸ ಗ್ರಂಥಾಲಯವನ್ನು ಹೊರಗಿನಿಂದ ತೋರಿಸಿದ. ಹಳೆಯದರಲ್ಲಿ ಏನೇನಿತ್ತೆಂದು ಹೇಳುವಾಗ ಸ್ವಂತ ಮನೆ ಸುಟ್ಟುಹೋದವನ ಹಾಗೆ ಮಾತಾಡಿದ. ಕತ್ತೆಯೊಂದು ಗುಂಡಿಗೆ ಬಿದ್ದದ್ದರಿಂದ ನೆಲದಡಿಯ ಸಮಾಧಿಗಳು ಸಿಕ್ಕಿದವೆಂಬ ಕಥೆ ಹೇಳಿದಾಗ ಕುರೋದಾ ಸಾನ್ ನಕ್ಕರು. ಆಮೇಲೆ ಗೆಳೆಯನ ಸ್ಕೂಟರಿನ ಹಿಂದೆ ಕುಳಿತು ದಂಡೆಯುದ್ದಕ್ಕೂ ಹೋದ. ಫಾರೋಸ್ ಒಂದು ಕಾಲಕ್ಕೆ ದ್ವೀಪವಂತೆ. ದಡದಿಂದ ಅದಕ್ಕೆ ಕಟ್ಟಿದ ದಾರಿಯ ಎರಡೂ ಬದಿಗೆ ಮರಳು ಕಟ್ಟಿ, ಈಗ ಅದರ ಮೇಲೇ ಬೀದಿ, ಮನೆ, ಮೀನು ಮಾರುಕಟ್ಟೆ. ತುದಿಯಲ್ಲಿ ಸುಲ್ತಾನ ಖೈತ್‌ಬೇ ಕಟ್ಟಿಸಿದ ಕೋಟೆ. ಬಿದ್ದ ದೀಪಸ್ತಂಭದ ಕಲ್ಲುಗಳನ್ನೇ ಅದರ ಗೋಡೆಗೆ ಹಾಕಿದ್ದಾರಂತೆ.

ಕೋಟೆಯ ಪಕ್ಕದ ಅಲೆತಡೆಯ ಮೇಲೆ ಹತ್ತಿ ಅವನು ಫೋನನ್ನು ಸಮುದ್ರದ ಕಡೆ ತಿರುಗಿಸಿ ನಿಲ್ಲಿಸಿದ. “ಇಲ್ಲೇ ಮೇಡಂ. ಫ್ರೀ ಜಾಗ.”

ಕತ್ತಲು, ಅಲೆಯ ಸದ್ದು, ಗಾಳ ಹಾಕಿ ಕುಳಿತ ನಾಲ್ಕಾರು ಬೆನ್ನುಗಳು. ನಾನು ಕುರೋದಾ ಸಾನ್‌ಗೆ ತಿಳಿಸಿದೆ. ಅವರು ಕೈಜೋಡಿಸಿ, ಕಣ್ಣು ಮುಚ್ಚಿ, ಹಣೆ ನೆಲಕ್ಕೆ ತಾಗುವಷ್ಟು ಬಾಗಿದರು.

ಆಗ ಬೆಳಕು ಬಂತು. ನೀರಿನ ಮೇಲೆ, ತುಂಬ ಎತ್ತರದಲ್ಲಿ, ವಿದ್ಯುತ್ತಿನದಲ್ಲದ ಕೆಂಪು ಹಳದಿ. ಹೊತ್ತಿಕೊಂಡಿತು ಎನ್ನುವುದಕ್ಕಿಂತ ನಮ್ಮ ಕಡೆ ತಿರುಗಿತು ಎನ್ನಬೇಕು. ಗಾಳದ ಕೋಲುಗಳು ಒಂದೊಂದಾಗಿ ಕಂಡವು. ಟ್ಯಾಬ್ಲೆಟ್ ಅಲುಗಾಡಲಿಲ್ಲ, ಆದರೆ ಪಕ್ಕದ ಗೋಡೆಯ ಮೇಲೆ ಆ ಪುಟ್ಟ ಗಂಟೆಯ ನೆರಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನವಾಗಿ ಸರಿದು ಹೋಯಿತು. ಮತ್ತೆ ಕತ್ತಲು. ಉಸಿರು ಬಿಡುವಷ್ಟರಲ್ಲಿ ಇನ್ನೊಮ್ಮೆ ಹಾಗೇ ಆಯಿತು.

ಸಮೀರ್ ಫೋನಿನ ಎದುರು ಒಂದು ಬದಿಗೆ ನಿಂತು, ಸಮುದ್ರಕ್ಕೆ ಬೆನ್ನು ಮಾಡಿ ಪರದೆಯಲ್ಲಿ ನನ್ನನ್ನೇ ನೋಡುತ್ತಿದ್ದ. “ಮೇಡಂ, ನಿಮ್ಮ ಮುಖದ ಮೇಲೆ ಬೆಳಕು ಬಂತಲ್ಲ? ಏನಾದ್ರೂ ಕಂಡ್ತಾ?”

ನನ್ನ ಬಾಯಿ ನನಗಿಂತ ಮುಂಚೆ ಉತ್ತರಿಸಿತು. ಕಂಡಿತು ಎಂದರೆ ಪೂರ್ತಿ ಬೆಲೆ. ಅದೂ ನನ್ನ ದುಡ್ಡಲ್ಲ, ಮುದುಕರದು, ಉಳಿಸಿಕೊಡಬೇಕಲ್ಲ. ಸೀರೆ ಅಂಗಡಿಯ ಮುಖ ತಾನಾಗಿಯೇ ಬಂದು ಕುಳಿತಿತ್ತು.

“ಏನೂ ಇಲ್ಲಪ್ಪ. ಕತ್ತಲು,” ಎಂದೆ.

ಕುರೋದಾ ಸಾನ್ ಅಷ್ಟರಲ್ಲಿ ತಲೆಯೆತ್ತಿದ್ದರು. ಇಂಗ್ಲಿಷ್ ಅರ್ಥವಾಗದಿದ್ದರೂ ಅವನು ಏನೋ ಕೇಳಿದ್ದು ತಿಳಿದಿತ್ತು. “ಓಕುಸಾನ್, ಏನಾದರೂ ಕಂಡಿತೇ?”

ಒಬ್ಬನಿಗೆ ಇಲ್ಲವೆಂದು ಇನ್ನೊಬ್ಬರಿಗೆ ಹೌದೆನ್ನುವುದು ಹೇಗೆ? ಸಮೀರ್ ಇನ್ನೂ ಪರದೆಯಲ್ಲೇ ಇದ್ದ. “ಇಲ್ಲ,” ಎಂದೆ.

“ಹೌದೇ,” ಎಂದರು. “ಹಾಗಾದರೆ ನಾನು ಅಂದು ಹೇಳಿದ್ದೇ ಸರಿ.” ಆ ಮಾತಿನಲ್ಲಿ ಸಮಾಧಾನವಿರಲಿಲ್ಲ. ಎದ್ದು ಹೋಗಿ ಮೇಣದಬತ್ತಿಯನ್ನು ಕೈಬೀಸಿ ಆರಿಸಿದರು. ನಮ್ಮ ಹಾಗೆ ಇವರೂ ದೇವರ ದೀಪವನ್ನು ಊದಿ ಆರಿಸುವುದಿಲ್ಲ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ವಿಜ್ಞಾನಿ. “ಹಿಂದೆ ಕ್ಯಾಂಡಲ್ ಇತ್ತಲ್ಲ, ಅದರ ರಿಫ್ಲೆಕ್ಷನ್ ಕಣೇ,” ಎಂದರು. ಬೆನ್ನ ಹಿಂದಿನ ಮೇಣದಬತ್ತಿಯ ಬೆಳಕು ನನ್ನ ಮುಖದ ಮೇಲೆ ಹೇಗೆ ಬೀಳುತ್ತದೆ ಎಂದೆ. ಆಮೇಲೆ ಅವರೇ, “ಏನಾದ್ರೂ ಇರ್ಲಿ, ನಿಂಗೆ ಕಂಡಿದೆ ತಾನೆ? ಹೋಗಿ ಹೇಳ್ಬಿಟ್ಟು ಬಾ. ಅಷ್ಟಕ್ಕೂ ಚೌಕಾಸಿನಾ?” ಎಂದರು.

ನಾಳೆ ಹೇಳೋಣ ಎಂದುಕೊಂಡೆ. ಸುಳ್ಳು ಹೇಳಿದೆ ಎನ್ನದೆ ಅದನ್ನು ಹೇಗೆ ಹೇಳುವುದು ಎಂದು ಮಾತು ಜೋಡಿಸುತ್ತಲೇ ಓಬೊನ್ ಮುಗಿಯಿತು. ಮಾರನೆಯ ದಿನ ಕಟ್ಟಡದ ಮುಂದೆ ಆಂಬುಲೆನ್ಸ್ ನಿಂತಿತ್ತು. ಕುರೋದಾ ಸಾನ್‌ಗೆ ಜ್ವರ. ಆಸ್ಪತ್ರೆಗೆ ಹೊರಗಿನವರನ್ನು ಬಿಡುವ ಕಾಲವಲ್ಲ ಅದು. ಒಕಾಜಾಕಿ ಊರಿನಲ್ಲಿದ್ದ ಅವರ ಮಗನಿಗೆ ಫೋನ್ ಮಾಡಿದೆ. ತಂದೆಗೆ ಆಮ್ಲಜನಕ ಕೊಡುತ್ತಿದ್ದಾರೆ, ಮಾತಾಡಲಾಗುವುದಿಲ್ಲ ಎಂದರು.

“ಬೆಳಕು ಕಂಡಿತ್ತು ಎಂದು ಅವರಿಗೆ ದಯವಿಟ್ಟು ಹೇಳಿ,” ಎಂದೆ.

“ಯಾವ ಬೆಳಕು?”

“ಅವರಿಗೆ ಗೊತ್ತು.”

“ಸರಿ, ತಿಳಿಸುತ್ತೇನೆ,” ಎಂದರು, ಅರ್ಥವಾಗದವರು ಹೇಳುವ ಹಾಗೆ.

ಕುರೋದಾ ಸಾನ್ ವಾಪಸು ಬರಲಿಲ್ಲ. ಚಳಿ ಶುರುವಾದಾಗ ಮಗ ಮನೆ ಖಾಲಿ ಮಾಡಲು ಬಂದರು. ಹಸಿರು ಚಹಾದ ಪೆಟ್ಟಿಗೆ ಕೊಟ್ಟು ತಲೆಬಾಗಿದರು. ಆ ಮಾತು ಹೇಳಿದಿರಾ ಎಂದು ಕೇಳಿದೆ. “ಸುಮಿಮಾಸೆನ್, ಕ್ಷಮಿಸಿ. ಆ ದಿನಗಳಲ್ಲಿ ಏನು ಹೇಳಿದೆ, ಏನು ಬಿಟ್ಟೆ, ನನಗೇ ನೆನಪಿಲ್ಲ,” ಎಂದರು. ಮತ್ತೆ ಕೇಳುವ ಹಕ್ಕು ನನಗಿರಲಿಲ್ಲ.

ಸಮೀರನಿಗೆ ಉಳಿದ ಅರ್ಧ ಕಳಿಸಿದೆ. “ಹಾಗಾದ್ರೆ ಕಂಡಿತ್ತಾ ಮೇಡಂ?” ಎಂದು ಕೇಳಿದ. ಹೌದು ಎಂದೆ. ಫೋನ್ ತಿರುಗಿದ್ದ ಕಡೆ ಬರೀ ಸಮುದ್ರ, ಈಗ ಉರಿಯುವ ಲೈಟ್‌ಹೌಸ್ ಪಶ್ಚಿಮದ ಬಂದರಿನ ಕಡೆಗಿದೆ, ಅಲ್ಲಿಂದ ಆ ದಿಕ್ಕಿನಲ್ಲಿ ಕಾಣಲು ಸಾಧ್ಯವಿಲ್ಲ ಎಂದ. ಅವನು ಎಷ್ಟೋ ದಿನ ನಸುಕಿನಲ್ಲಿ ಅಲ್ಲಿಗೆ ಹೋಗಿ ನಿಂತನಂತೆ. ಏನೂ ಕಾಣಲಿಲ್ಲವಂತೆ. ನಾನೂ ಆಮೇಲೆ ಎರಡು ಸಲ ಅವನ ಜೊತೆ ಆ ಜಾಗ ನೋಡಿದೆ, ಕೇಳಿದಷ್ಟು ಕೊಟ್ಟು. ಕತ್ತಲು, ಅಲೆಯ ಸದ್ದು, ಅಷ್ಟೇ. ಅಂದು ಕಂಡದ್ದು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕಂಡದ್ದಂತೂ ಹೌದು.

ನಿಮಗೆ ಹೇಳುವುದಿಷ್ಟು. ಚೌಕಾಸಿ ಬಿಡಬೇಡಿ, ಅದು ಕಷ್ಟಕಾಲಕ್ಕೆ ಆಗುವ ವಿದ್ಯೆ. ಆದರೆ ಹೊಟ್ಟೆಪಾಡಿಗೆ ನಸುಕಿನಲ್ಲಿ ಎದ್ದು ಬರುವವನ ಹತ್ತಿರ ಅರ್ಧಕ್ಕೆ ಇಳಿಸಬೇಡಿ. ರೆಕಾರ್ಡಿಂಗ್‌ಗೆ ಬೇರೆ ದುಡ್ಡು ಕೇಳಿದರೆ ಕೊಟ್ಟುಬಿಡಿ. ಮತ್ತೆ, ಪಕ್ಕದಲ್ಲಿ ಕುಳಿತವರು ಕಂಡಿತೇ ಎಂದು ಕೇಳಿದರೆ, ಮೊದಲು ಅವರಿಗೆ ಉತ್ತರ ಹೇಳಿ. ಬೆಲೆಯ ಮಾತು ಆಮೇಲೆ ಆಡಿಕೊಳ್ಳಬಹುದು.