ಕೊಡೈ ಬೆಟ್ಟದ ಮಳೆಯಲ್ಲಿ ಬಾಳೆನಾರಿನ ಗಂಟು

ನನ್ನ ಮಗಳಿಗೆ ಉಸಿರು ಕಟ್ಟಿದಾಗ ಅವಳ ಔಷಧಿ ನನ್ನ ಬೆನ್ನ ಮೇಲೆಯೇ ಇತ್ತು. ಕಟ್ಟಿದವನು ನಾನೇ, ಹೊತ್ತವನೂ ನಾನೇ. ಬಿಚ್ಚಲು ಮಾತ್ರ ನನ್ನಿಂದಾಗಲಿಲ್ಲ. ಬಿಚ್ಚಿಕೊಟ್ಟವರು ಯಾರೆಂದು ಕುಲದೇವರಾದ ತಂಬಿರಾನನ್ನು ನಂಬಿದ ನಮ್ಮವರಿಗೆಲ್ಲ ತಿಳಿಸಬೇಕೆಂದು ಬರೆಯುತ್ತಿದ್ದೇನೆ. ಕನ್ನಡ ನಮ್ಮ ಮನೆಮಾತಾದರೂ ಅಕ್ಷರ ಕಲಿತದ್ದು ತಡವಾಗಿ. ನಡುವೆ ತಮಿಳು ನುಸುಳಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ತೊಂಬತ್ತೆಂಟನೆಯ ಇಸವಿ, ತಮಿಳು ಲೆಕ್ಕದ ಪುರಟ್ಟಾಸಿ ತಿಂಗಳು, ಆಯುಧಪೂಜೆಯ ರಜೆ. ನನ್ನ ಹೆಂಡತಿಯ ತಮ್ಮ ಗೋಪಾಲು ದಿಂಡಿಗಲ್ಲಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಾನೆ. ರಜೆ ಬಂತೆಂದರೆ ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟ ಹತ್ತುವ ಹುಚ್ಚು ಅವನಿಗೆ. ಪೆರಿಯಕುಳಂ ಕಡೆಯ ಹಳೆಯ ಕಾಲುದಾರಿಯಲ್ಲಿ ಕೊಡೈಕಾನಲ್‌ಗೆ ಹತ್ತುವುದು, ನಡುವೆ ಒಂದು ರಾತ್ರಿ ಮೇಲೆ ಗುಡಾರ ಹಾಕಿ ಮಲಗುವುದು ಎಂದು ಗೊತ್ತುಮಾಡಿದ. ದಿಂಡಿಗಲ್ಲಿನಲ್ಲೇ ಓದುವ, ರಜೆಗೆ ಮನೆಗೆ ಬಂದಿದ್ದ ನನ್ನ ಮಗಳು ಕವಿತಾ ತಾನೂ ಬರುತ್ತೇನೆಂದಳು.

ಅವಳಿಗೆ ಚಿಕ್ಕಂದಿನಿಂದ ಉಬ್ಬಸ. ತಣ್ಣನೆ ಗಾಳಿ ತಗುಲಿದರೆ ಎದೆ ಕುಯ್ ಎನ್ನಲು ಶುರುವಾಗುತ್ತದೆ. ತೇನಿ ಆಸ್ಪತ್ರೆಯ ಬೆಂಚಿನ ಮೇಲೆ ಅವಳನ್ನು ಮಡಿಲಲ್ಲಿಟ್ಟುಕೊಂಡು ನಾನು ಬೆಳಗು ಮಾಡಿದ ರಾತ್ರಿಗಳು ಎಷ್ಟೋ. ಹಾಗಾಗಿ ಬೇಡ ಎಂದೆ.

“ಅಪ್ಪಾ, ನೀನು ಬೇಡ ಅಂದಿದ್ದನ್ನೆಲ್ಲ ಬಿಟ್ಟಿದ್ರೆ ನಾನು ಇನ್ನೂ ತೊಟ್ಟಿಲಲ್ಲೇ ಇರ್ತಿದ್ದೆ” ಎಂದಳು.

ಸರಿ, ನಾನೂ ಹೊರಟೆ.

ನನ್ನ ಸ್ವಭಾವ ಒಂದಿಷ್ಟು ಹೇಳಬೇಕು. ಬಸ್ ನಿಲ್ದಾಣಕ್ಕೆ ಎಷ್ಟೋ ಮುಂಚೆ ಹೋಗಿ, ಅದಕ್ಕೂ ಮುಂಚಿನ ಬಸ್ಸು ತಪ್ಪಿತಲ್ಲಾ ಎಂದು ಕೊರಗುವವನು ನಾನು. ಕಂಬಂ ಕಣಿವೆಯ ಕಾಮಯಗೌಂಡನ್‌ಪಟ್ಟಿಯಲ್ಲಿ ದ್ರಾಕ್ಷಿ ಬೆಳೆಯುವ ನಾವೆಲ್ಲ ಕೊಂಚ ಹೀಗೆಯೇ. ಹಣ್ಣು ಮಾಗುವಾಗ ಒಂದು ಮಳೆ ಬಿದ್ದರೆ ಗೊಂಚಲೆಲ್ಲ ಸೀಳುತ್ತದೆ. ಕತ್ತು ಸದಾ ಆಕಾಶದ ಕಡೆಗೇ.

ಗೋಪಾಲು ಮೊದಲೇ ಹೇಳಿದ್ದ (ನಮ್ಮಲ್ಲಿ ಅಕ್ಕನ ಗಂಡನೂ ಮಾಮನೇ): “ಮಾಮ, ಮೇಲೆ ಬಿಸಿಲು, ಮಂಜು, ಮಳೆ ಮೂರೂ ಒಂದೇ ಮಧ್ಯಾಹ್ನದಲ್ಲಿ ಬರ್ತವೆ. ಏನು ಬೇಕಾದ್ರೂ ತಗೊ, ಬೇಗ ಬೇಕಾಗೋದು ಮೇಲ್ಗಡೆ ಇರ್ಲಿ.”

ಮೂರೂ ಬರುತ್ತವೆ ಎಂಬುದಷ್ಟೇ ನನ್ನ ಕಿವಿಗೆ ಬಿದ್ದದ್ದು. ಸ್ವೆಟರು, ಮಂಕಿ ಟೋಪಿ, ಬೆಂಕಿಪೆಟ್ಟಿಗೆ, ಜಿಗಣೆಗೆ ಉಪ್ಪು, ಚಾಕು, ಉಬ್ಬಸಕ್ಕೆ ಕವಿತಾ ಬಾಯಿಗೆ ಹೊಡೆದುಕೊಳ್ಳುವ ಔಷಧಿಯ ಪಂಪು, ಎಲ್ಲವನ್ನೂ ಯೂರಿಯಾ ಮೂಟೆಯ ನೆಯ್ದ ಚೀಲ ಕತ್ತರಿಸಿ ಒಂದೊಂದಾಗಿ ಸುತ್ತಿದೆ. ಬಾಯಿಗೆ ಬಾಳೆನಾರು ಬಿಗಿದು, ನಾವು ಬಳ್ಳಿಯನ್ನು ಚಪ್ಪರಕ್ಕೆ ಕಟ್ಟುವ ಗಂಟು ಹಾಕಿದೆ. ಆ ಗಂಟಿನ ಗುಣ ನಮ್ಮ ಕಣಿವೆಯವರಿಗೆ ಗೊತ್ತು. ಒಣಗಿದ ನಾರು ನೆನೆದಷ್ಟೂ ಉಬ್ಬುತ್ತದೆ, ಗಂಟು ಬಿಗಿಯುತ್ತದೆ. ಗಾಳಿಮಳೆಗೆ ಬಳ್ಳಿ ಜಾರಬಾರದು ನೋಡಿ.

ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. “ಇಷ್ಟು ಬಿಗಿದ್ರೆ ಬಿಚ್ಚೋರು ಯಾರು?”

“ಬಿಚ್ಚೋಕೆ ಕಟ್ಟಿದ್ದಲ್ಲ. ನೆನೀಬಾರದು ಅಂತ ಕಟ್ಟಿದ್ದು.”

“ಹಂಗಾದ್ರೆ ಮನೇಲೇ ಇಟ್ಟೋಗಿ, ಇಲ್ಲೂ ನೆನಿಯಲ್ಲ” ಎಂದು ಒಳಗೆ ಹೋದಳು.

ತೇನಿಯಿಂದ ಪೆರಿಯಕುಳಕ್ಕೆ ಬಸ್ಸು, ಅಲ್ಲಿಂದ ಮಾವಿನ ತೋಪುಗಳ ನಡುವೆ ಬೆಟ್ಟದ ಬುಡಕ್ಕೆ ಇನ್ನೊಂದು. ಹತ್ತುವಾಗ ನಾನು ಎಲ್ಲರಿಗಿಂತ ಹಿಂದೆ. ನಡುವೆ ಸಿಗುವ ಊರಲ್ಲಿ ಯಾರೂ ಚಪ್ಪಲಿ ಮೆಟ್ಟುವಂತಿಲ್ಲ, ಊರೆಲ್ಲ ದೇವರ ನೆಲವೆಂದು ಅಲ್ಲಿಯ ಪದ್ಧತಿ. ಕಳಚಿ ಕೈಯಲ್ಲಿ ಹಿಡಿದು ದಾಟಿದೆವು. ಅದರಾಚೆ ಕಾಡು ಮುಗಿದು ಹುಲ್ಲುಗಾವಲು ತೆರೆಯಿತು. ತುಂತುರು ಹನಿಯುತ್ತಿತ್ತು, ಮಳೆಕೋಟು ಹಾಕಿಕೊಂಡಿದ್ದೆವು. ಆಗ ಪಡುವಣದಿಂದ ಗಾಳಿ ಎದ್ದಿತು.

ನಮ್ಮ ಕಣಿವೆಯಲ್ಲಿ ಪಡುವಣ ಗಾಳಿ ಜೋರಾದರೆ ಆ ದಿನಕ್ಕೆ ಮಳೆ ಮುಗಿದಂತೆ. ನಾನು ದೊಡ್ಡ ಮನುಷ್ಯನ ಹಾಗೆ ನಿಂತು ಮೂಗೆತ್ತಿ ನೋಡಿ, “ಇನ್ನು ಮಳೆ ಇಲ್ಲ, ಕೋಟು ಬಿಚ್ಚಿ, ಬೆವರು ಆರಲಿ” ಎಂದೆ. ಗೋಪಾಲು ಅನುಮಾನಿಸಿದ. ಕವಿತಾ ಪಾಪ ನನ್ನ ಮಾತು ಕೇಳಿದಳು. ಕೇಳಬೇಕಾದಾಗ ಕೇಳದ ಹುಡುಗಿ ಆವತ್ತು ಕೇಳಿದಳು. ಕೋಟು ಮಡಚಿ ಚೀಲದ ತಳಕ್ಕೆ ಹೋಯಿತು.

ಕೆಳಗೆ ಮೋಡವನ್ನು ಓಡಿಸುವ ಗಾಳಿ ಮೇಲೆ ಅದನ್ನು ಹೊತ್ತು ತರುತ್ತದೆಂದು ನನಗೇನು ಗೊತ್ತು? ಮಂಜು ಮೊದಲು ಬಂತು, ಹಿಂದೆಯೇ ಆಲಿಕಲ್ಲು, ಆಮೇಲೆ ನಿಲ್ಲದ ಮಳೆ. ಕೋಟು ತೆಗೆಯುವಷ್ಟರಲ್ಲಿ ಕವಿತಾ ಒಳಬಟ್ಟೆವರೆಗೂ ನೆಂದಿದ್ದಳು. ದಾರಿ ಕಾಣದು. ಗುಡಾರ ಬಿಡಿಸಿದರೆ ಗಾಳಿ ಕಿತ್ತುಕೊಳ್ಳುತ್ತಿತ್ತು. ಅವಳ ಹಲ್ಲು ಕಟಕಟ ಎನ್ನುತ್ತಿದ್ದದ್ದು ನಿಂತು, ಎದೆಯೊಳಗಿನ ಆ ಹಳೆಯ ಸದ್ದು ಶುರುವಾಯಿತು.

ಅಷ್ಟರಲ್ಲಿ ಮಂಜಿನೊಳಗೆ ದನದ ಕೊರಳಗಂಟೆ ಕೇಳಿತು. ಬೆಟ್ಟದ ದನಗಳು, ಗಿಡ್ಡ ಜಾತಿಯವು, ಮಳೆಗೆ ತಲೆ ತಗ್ಗಿಸಿಕೊಂಡು ಸಾಲಾಗಿ ಎಲ್ಲಿಗೋ ಹೋಗುತ್ತಿದ್ದವು. “ಅವುಕ್ಕೆ ಗೊತ್ತಿರುತ್ತೆ, ನಡೀರಿ” ಎಂದ ಗೋಪಾಲು. ಮಗಳನ್ನು ಇಬ್ಬರೂ ತೋಳು ಕೊಟ್ಟು ನಡೆಸಿದೆವು. ಇಳಿಜಾರಿನಲ್ಲಿ ಹುಲ್ಲು ಹೊದಿಸಿದ ಕೊಟ್ಟಿಗೆ. ದನಗಳ ಜತೆ ನಾವೂ ನುಗ್ಗಿದೆವು.

“ಅಪ್ಪಾ... ಪಂಪು” ಎಂದಳು. ಎರಡು ಮಾತಿಗೆ ಎರಡು ಉಸಿರು.

ಚೀಲ ಸುರಿದೆ. ಪಂಪಿದ್ದ ಗಂಟು ಸಿಕ್ಕಿತು. ಬಾಳೆನಾರು ನೆನೆದು ಕಲ್ಲಾಗಿತ್ತು. ನನ್ನ ಬೆರಳುಗಳು ಚಳಿಗೆ ಮರದ ಕಡ್ಡಿಗಳಂತಾಗಿದ್ದವು. ಹಲ್ಲು ಹಾಕಿದೆ, ಜಾರಿತು. ಗೋಪಾಲು ಚೀಲವನ್ನೇ ಹರಿಯಲು ನೋಡಿದ. ಯೂರಿಯಾ ಚೀಲ ಹರಿಯುತ್ತದೆಯೇ?

“ಚಾಕು ಎಲ್ಲಿ ಮಾಮ?”

“ಅದನ್ನೂ ಕಟ್ಟಿದ್ದೀನಿ.”

ಅವನು ನನ್ನ ಮುಖ ನೋಡಿದ ರೀತಿ ನಾನು ಸಾಯುವವರೆಗೂ ಮರೆಯುವುದಿಲ್ಲ. ಚೂಪು ಕಲ್ಲು ಹುಡುಕಲು ಮಳೆಗೆ ಓಡಿದ.

ಕವಿತಾಳ ತುಟಿ ನೀಲಿಗಟ್ಟುತ್ತಿತ್ತು. ನಾನು ಅವಳ ಬೆನ್ನು ತಿಕ್ಕುತ್ತ ತಂಬಿರಾನನ್ನು ಕೂಗಿದೆ. ಕಂಬಂನಲ್ಲಿ ನಮ್ಮ ಕುಲದವರ ದೊಡ್ಡಿ ಇದೆಯಲ್ಲ, ವಿಗ್ರಹವಿಲ್ಲದ, ದನಗಳೇ ದೇವರಾದ ಜಾಗ, ಅದನ್ನು ಕಣ್ಣಿಗೆ ತಂದುಕೊಂಡೆ. ಹರಕೆ ಹೊರಬೇಕೆಂದು ಬಾಯಿ ತೆರೆದೆ. ಮನೆಯ ಹಸು ಮೊದಲ ಸಲ ಗಬ್ಬವಾಗಿತ್ತು, ಅದರ ಕರು ಕೊಡುತ್ತೇನೆ ಎನ್ನೋಣವೆಂದರೆ ಚೊಚ್ಚಲ ಕರು ದೊಡ್ಡಿಗೆಂದು ಅಜ್ಜನ ಕಾಲದಿಂದಲೂ ನಡೆದು ಬಂದದ್ದು. ಆಗಲೇ ಅವನದಾದದ್ದನ್ನು ನಾನೇನು ಕೊಡಲಿ? ಎಲ್ಲಕ್ಕೂ ಮೊದಲೇ ಸಿದ್ಧನಾಗುವ ನನ್ನ ಹತ್ತಿರ ಆ ಹೊತ್ತಿಗೆ ಒಂದು ಹರಕೆಯೂ ಇರಲಿಲ್ಲ. “ಏನೂ ಇಲ್ಲ ತಂಬಿರಾನೇ, ಸುಮ್ನೆ ಕೇಳ್ತಾ ಇದ್ದೀನಿ” ಎಂದೆ. ಜೀವಮಾನದಲ್ಲಿ ಅಂಥ ಪ್ರಾರ್ಥನೆ ನಾನು ಮಾಡಿರಲಿಲ್ಲ.

ಪಕ್ಕದಲ್ಲಿ ಕರಕರ ಸದ್ದು. ತಿರುಗಿದರೆ ಒಂದು ಕಂದು ಕರು ನೆಲದಲ್ಲಿದ್ದ ಗಂಟನ್ನು ಕಾಲಡಿ ಒತ್ತಿ ಹಿಡಿದು, ಬಾಳೆನಾರನ್ನು ಜಗಿಯುತ್ತಿತ್ತು. ಓಡಿಸಲು ಕೈಯೆತ್ತಿದವನು ಹಾಗೇ ನಿಂತೆ. ಅದು ಕತ್ತು ಜಗ್ಗಿತು. ನಾರು ಕಿತ್ತು ಬಂತು, ಚೀಲದ ಬಾಯಿ ಬಿಟ್ಟುಕೊಂಡಿತು. ಪಂಪು ಸಗಣಿಯ ಮೇಲೆ ಉರುಳಿತು.

ಒರೆಸಿ ಅವಳ ಬಾಯಿಗಿಟ್ಟೆ. ಒಂದು ಸಲ, ಸ್ವಲ್ಪ ತಡೆದು ಇನ್ನೊಂದು ಸಲ. ದನಗಳ ಮೈಬಿಸಿಗೆ ಒರಗಿಸಿ ಕೂರಿಸಿದೆ. ಎಷ್ಟು ಹೊತ್ತಾಯಿತೋ, ಎದೆಯ ಸದ್ದು ಇಳಿಯಿತು. ಗೋಪಾಲು ಕಲ್ಲು ಹಿಡಿದು ಒಳಬಂದಾಗ ಅವಳು, “ಮಾಮ, ಅಪ್ಪ ಕಟ್ಟಿದ್ದನ್ನ ಬಿಚ್ಚೋರು ಒಬ್ರು ಸಿಕ್ಕಿದ್ರು” ಎಂದಳು. ಅವನು ಕಲ್ಲು ಕೆಳಗಿಟ್ಟು ಮುಖ ಆ ಕಡೆ ತಿರುಗಿಸಿಕೊಂಡ.

ದನಗಳ ಹಿಂದೆ ಬಂದ ದನಗಾಹಿ ನಕ್ಕ. “ಮೇಲೆ ಬಾಳೆ ಎಲ್ಲಿದೆ ಸಾಮಿ? ನಾರು ಕಂಡ್ರೆ ಯಾವ ಕರುವಾದ್ರೂ ಬಾಯಿ ಹಾಕುತ್ತೆ.” ನಿಜವೇ. ನಾನದನ್ನು ಒಪ್ಪುತ್ತೇನೆ. ಕರು ನಾರು ತಿನ್ನುವುದು ಅತಿಶಯವಲ್ಲ. ಅಲ್ಲಿದ್ದ ಗಂಟುಗಳಲ್ಲಿ ಟೋಪಿಯದನ್ನು ಬಿಟ್ಟು, ಉಪ್ಪಿನದನ್ನೂ ಬಿಟ್ಟು, ಅದೊಂದನ್ನೇ ಏಕೆ ಹಿಡಿಯಿತು ಎಂದು ಮಾತ್ರ ಅವನನ್ನು ಕೇಳಲಿಲ್ಲ. ಉತ್ತರ ನನಗೆ ಸಿಕ್ಕಿಯಾಗಿತ್ತು.

ಊರಿಗೆ ಬಂದು ಮೂವರೂ ದೊಡ್ಡಿಗೆ ಹೋದೆವು. ಒಂದು ಹೊರೆ ಬಾಳೆದಿಂಡು ಕೊಂಡೊಯ್ದಿದ್ದೆ. ದನಗಳ ಮುಂದೆ ನಿಂತಾಗ ಎಂದಿನಂತೆ ಇದು ಬೇಕು ಅದು ಬೇಕು ಎನ್ನಲು ನಾಲಿಗೆ ಏಳಲಿಲ್ಲ. ನಮ್ಮ ಹಸು ಈದ ಮೇಲೆ ಅದರ ಕರುವನ್ನೂ ತಂದು ಬಿಟ್ಟೆವು.

ನನ್ನ ಚಿಂತೆ ಬಿಟ್ಟುಹೋಯಿತೆಂದು ಹೇಳಿದರೆ ಹೆಂಡತಿ ನಗುತ್ತಾಳೆ. ಈಗಲೂ ಮಳೆಗೆ ಚೀಲ ಸುತ್ತುತ್ತೇನೆ. ಎಳೆದರೆ ಬಿಚ್ಚುವ ಗಂಟು ಹಾಕುತ್ತೇನೆ, ಅಷ್ಟೇ. ಮರುವರ್ಷ ಪೂಜೆಯ ರಜೆಗೆ ಕವಿತಾ ಮತ್ತೆ ಹೊರಟಳು. ನಾನು ಹೋಗಲಿಲ್ಲ. ಪಂಪನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದಳು. ಬಸ್ಸು ಹತ್ತುವಾಗ ಕೇಳಿದಳು, “ಏನಪ್ಪಾ, ಮಳೆ ಬರುತ್ತಾ?”

ಪಡುವಣ ಗಾಳಿ ಬೀಸುತ್ತಿತ್ತು. “ನನಗೆ ಗೊತ್ತಿಲ್ಲಮ್ಮ” ಎಂದೆ. ಬಸ್ಸು ತಿರುಗಿ ಮರೆಯಾದ ಮೇಲೆ, ತಂಬಿರಾನೇ, ನಿನ್ನ ದನ ಮೇಯುವ ಬೆಟ್ಟಕ್ಕೇ ಹೋಗುತ್ತಿದ್ದಾಳೆ ಎಂದಷ್ಟೇ ಹೇಳಿ ತೋಟಕ್ಕೆ ನಡೆದೆ.