ಒದ್ದೆ ಭುಜದ ಆಂಟಿ

ಆಂಟಿಯ ಸ್ವೆಟರಿನ ಎಡಭುಜ ಯಾವಾಗಲೂ ಹಸಿರು ಹಸಿರಾಗಿ ಒದ್ದೆಯಾಗಿರುತ್ತಿತ್ತು. ಕುದುರೆಯ ಜೊಲ್ಲು! ಮೀಟಿಂಗಿಗೂ ಅದೇ ಸ್ವೆಟರ್. ನಾನು ಮೂಗು ಮುಚ್ಚಿಕೊಂಡರೆ, "ಒಗೆದ್ರೂ ನಾಳೆ ಮತ್ತೆ ಆಗುತ್ತೆ ಬಿಡಮ್ಮ" ಎಂದು ನಗುತ್ತಿದ್ದರು.

ತೊಂಬತ್ತರ ದಶಕದ ಕೊನೆ. ಅಮೆರಿಕದ ಡೆಸ್ ಪ್ಲೇನ್ಸ್‌ನ ಒಂದು ಕಾರ್ಗೋ ಕಂಪನಿಯಲ್ಲಿ ನನ್ನದು ಕಂಪ್ಯೂಟರ್ ಕೆಲಸ. ಅವರದು ಯುರೋಪಿನಿಂದ ವಿಮಾನದಲ್ಲಿ ಬರುವ ಸವಾರಿ ಕುದುರೆಗಳನ್ನು ಇಳಿಸಿ ಟ್ರೇಲರ್‌ಗೆ ಹತ್ತಿಸುವ ಕೆಲಸ. ಕುಣಿಗಲ್ಲಿನ ಮುಸ್ಲಿಂ ಮನೆಯವರು, ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವರ ಮಗಳು. ನಾನು ಮೈಸೂರಿನವಳೆಂದು ತಿಳಿದದ್ದೇ ತಡ, ತಮ್ಮ ಡಬ್ಬಿಯನ್ನು ನನ್ನ ಮುಂದಿಟ್ಟಿದ್ದರು.

ಅವರಿಗೆ ಟ್ರಾಕೇನರ್ ತಳಿಯೆಂದರೆ ಪ್ರಾಣ. ಹಿಂದಿನ ಜರ್ಮನಿಯ ಪೂರ್ವದ ತುದಿಯಲ್ಲಿ, ಅಲ್ಲಿಯದೇ ಗಟ್ಟಿ ಕುದುರೆಗಳಿಗೆ ಅರಬ್ಬಿ ಮತ್ತು ಇಂಗ್ಲಿಷ್ ರೇಸ್ ಕುದುರೆಗಳ ರಕ್ತ ಬೆರೆಸಿ ರಾಜನ ಲಾಯದಲ್ಲಿ ಬೆಳೆಸಿದ ತಳಿಯಂತೆ. ಮಹಾಯುದ್ಧದ ಕೊನೆಯಲ್ಲಿ ಮನೆಮಠ ಬಿಟ್ಟು ಓಡಿದ ಜನರ ಗಾಡಿಗಳನ್ನು ಈ ಕುದುರೆಗಳೇ ಹೆಪ್ಪುಗಟ್ಟಿದ ಹಿನ್ನೀರಿನ ಮೇಲೆ ಎಳೆದು ದಾಟಿಸಿದವು. ಬದುಕಿ ಬಂದವು ಕೆಲವೇ. "ಹಗುರ ಮೈ, ಚುರುಕು ತಲೆ. ಒಂದ್ಸಲ ಒರಟಾಗಿ ಎಳೆದ್ರೆ ಮರೆಯಲ್ಲ ಕಣಮ್ಮ," ಎನ್ನುತ್ತಿದ್ದರು.

ಒಮ್ಮೆ ಅಂಥದೊಂದು ಹೆಣ್ಣು ಕುದುರೆ ವಿಮಾನದಲ್ಲಿ ತಾನು ನಿಂತು ಬಂದ ಪೆಟ್ಟಿಗೆಯಿಂದ ಇಳಿಯಲೊಲ್ಲದೆ ನಿಂತುಬಿಟ್ಟಿತು. ಇಬ್ಬರು ಹಗ್ಗ ಜಗ್ಗಿ ಸೋತರು. ಆಂಟಿ ಹಗ್ಗ ಸಡಿಲಿಸಿ, ಅದಕ್ಕೆ ಬೆನ್ನು ತಿರುಗಿಸಿ ನಿಂತು, ಜೇಬಿನಿಂದ ಚಕ್ಕುಲಿ ತೆಗೆದು ಮೆಲ್ಲತೊಡಗಿದರು. "ಹಟ ಅಲ್ಲ ಇದು, ಭಯ. ನಾವು ನೋಡ್ತಾ ನಿಂತ್ರೆ ಇನ್ನೂ ಜಾಸ್ತಿ ಆಗುತ್ತೆ." ಬಹಳ ಹೊತ್ತಾದ ಮೇಲೆ ಗೊರಸಿನ ಸದ್ದು ಕೇಳಿಸಿತು. ಕುದುರೆ ತಾನಾಗಿ ಬಂದು ಅವರ ಎಡಭುಜದ ಮೇಲೆ ಗದ್ದವಿಟ್ಟಿತು.

ಆ ಚಳಿಗಾಲದಲ್ಲಿ ನನ್ನ ಆರು ವರ್ಷದ ಮಗಳು ಶಾಲೆಯ ಮುಂದೆ ಕಾರಿನಿಂದ ಇಳಿಯುವುದನ್ನೇ ನಿಲ್ಲಿಸಿದಳು. ಇಂಗ್ಲಿಷ್ ಬಾರದು, ಗೆಳತಿಯರಿಲ್ಲ. ಮುದ್ದು ಮಾಡಿದೆ, ಗದರಿದೆ, ಎಳೆದೆ. ಸೀಟ್‌ಬೆಲ್ಟ್ ಹಿಡಿದು ಕಿರುಚುತ್ತಿದ್ದಳು. ಹೀಗೇ ಆದರೆ ಕೆಲಸ ಬಿಟ್ಟು ಮಗುವಿನೊಂದಿಗೆ ಮೈಸೂರಿಗೆ ಹೊರಟುಬಿಡುತ್ತೇನೆ ಎಂದು ಆಂಟಿಯ ಮುಂದೆ ಅತ್ತೇಬಿಟ್ಟೆ.

ಮರುದಿನ ಬೆಳಿಗ್ಗೆ ನಮ್ಮ ಜೊತೆ ಬಂದರು. ಕಾರಿನ ಬಾಗಿಲು ತೆರೆದು, ಮೂಗು ಉದುರಿಹೋಗುವ ಚಳಿಯಲ್ಲಿ ಫುಟ್‌ಪಾತಿನ ಅಂಚಿನಲ್ಲಿ ಕಾರಿಗೆ ಬೆನ್ನು ತಿರುಗಿಸಿ ಕೂತು ಚಕ್ಕುಲಿ ತೆಗೆದರು.

"ಆಂಟಿ, ಲೇಟಾಗ್ತಿದೆ!"

"ಆಗ್ಲಿ ಬಿಡು. ನೀನೂ ಆ ಕಡೆ ತಿರುಗು."

ಶಾಲೆಯ ಬೆಲ್ ಹೊಡೆಯಿತು. ಆಮೇಲೆ ಹಿಂದಿನಿಂದ ಸಣ್ಣ ದನಿ: "ನಂಗೂ ಚಕ್ಕುಲಿ." ತಿರುಗಿ ನೋಡಿದರೆ ಮಗಳು ಇಳಿದು ಬಂದು, ಆ ಕೊಳಕು ಸ್ವೆಟರಿನ ಮೇಲೆ ಗದ್ದವಿಟ್ಟು ನಿಂತಿದ್ದಳು. ಇಬ್ಬರೂ ಕೈ ಹಿಡಿದು ಒಳಗೆ ಹೋದರು. ವಾರವಿಡೀ ಆಂಟಿ ಬಂದರು, ಆಮೇಲೆ ಬೇಕಾಗಲಿಲ್ಲ.

ಹತ್ತು ವರ್ಷಗಳ ನಂತರ ಹೃದಯಾಘಾತವಾಗಿ ಆಂಟಿ ತೀರಿಕೊಂಡರು. ಅಂತಿಮ ಪ್ರಾರ್ಥನೆಗೆಂದು ಹೋಗಿ ಗ್ಲೆಂಡೇಲ್ ಹೈಟ್ಸ್‌ನ ಮಸೀದಿಯ ಮುಂದೆ ಕಾರು ನಿಲ್ಲಿಸಿದ ನನಗೆ ಇಳಿಯಲಾಗಲಿಲ್ಲ. ಇಳಿದರೆ ಅವರು ಹೋದದ್ದು ನಿಜವಾಗಿಬಿಡುತ್ತದಲ್ಲ! ಮಗಳು ಸುತ್ತಿ ಬಂದು ನನ್ನ ಬಾಗಿಲು ತೆರೆದಳು, ಬೆನ್ನು ತಿರುಗಿಸಿ ನಿಂತಳು.

"ಟೇಕ್ ಯುವರ್ ಟೈಮ್, ಅಮ್ಮಾ."

ಎಷ್ಟೋ ಹೊತ್ತಿನ ಮೇಲೆ ಇಳಿದೆ. ಅವಳ ಎಡಭುಜ ಪೂರ್ತಿ ಒದ್ದೆಯಾಯಿತು.